ಹ್ಯಾರಿ ಬರ್ನ್: ಒಂದು ಮತದ ಕಥೆ

ಶಾಸನಸಭೆಯಲ್ಲಿ ಕುಳಿತ ಸದಸ್ಯನೊಬ್ಬನ ಒಂದು ಮತಕ್ಕೆ ಬೆಲೆಯೆಷ್ಟು? ಬಹುಮಟ್ಟಿಗೆ ಅದು ಎಣಿಕೆಯಲ್ಲಿ ಬೆರೆತು ಮರೆಯಾಗುತ್ತದೆ. ಆದರೆ 1920ರ ಆಗಸ್ಟ್ 18ರಂದು ಅಮೆರಿಕದ ಟೆನೆಸಿ ರಾಜ್ಯದಲ್ಲಿ 24 ವರ್ಷದ ತರುಣನೊಬ್ಬ ಕೊಟ್ಟ ಮತ ಹಾಗೆ ಮರೆಯಾಗಲಿಲ್ಲ. ಆ ದೇಶದ ಸ್ತ್ರೀಯರ ಮತದಾನದ ಹಕ್ಕು ಅಂದು ಅದರ ಮೇಲೆ ನಿಂತಿತ್ತು.

ಹ್ಯಾರಿ ಬರ್ನ್ ಹುಟ್ಟಿದ್ದು 1895ರಲ್ಲಿ, ಪೂರ್ವ ಟೆನೆಸಿಯ ನಯೋಟ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿನ ರೈಲ್ವೆ ನಿಲ್ದಾಣದ ಸ್ಟೇಷನ್ ಮಾಸ್ತರ. ತಂದೆ ತೀರಿಕೊಂಡ ಮೇಲೆ ಜಮೀನು, ಮನೆ ಎರಡನ್ನೂ ನೋಡಿಕೊಂಡವಳು ತಾಯಿ ಫೆಬ್. ಆಕೆ ಕಾಲೇಜು ಕಲಿತವಳು, ಪತ್ರಿಕೆಗಳನ್ನು ತಪ್ಪದೆ ಓದುವವಳು. ತನ್ನ ಹೊಲದಲ್ಲಿ ದುಡಿಯುವ, ಓದುಬರಹ ಬಾರದ ಆಳುಗಳಿಗೆ ಮತದ ಹಕ್ಕುಂಟು, ತನಗಿಲ್ಲ ಎಂಬ ಕೊರಗು ಆಕೆಗಿತ್ತೆಂದು ಹೇಳುತ್ತಾರೆ. ಮಗನೂ ರೈಲ್ವೆಯಲ್ಲಿ ಕೆಲಸಕ್ಕೆ ಸೇರಿದ. 1918ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಆರಿಸಿ ಬಂದು ರಾಜ್ಯದ ಶಾಸನಸಭೆಯ ಅತಿ ಕಿರಿಯ ಸದಸ್ಯನಾದ.

ಇಲ್ಲಿ ಆ ದೇಶದ ರಾಜ್ಯಾಂಗದ ಒಂದು ನಿಯಮವನ್ನು ತಿಳಿಯಬೇಕು. ಅಲ್ಲಿ ರಾಜ್ಯಾಂಗವನ್ನು ತಿದ್ದಲು ಕೇಂದ್ರದ ಕಾಂಗ್ರೆಸ್ಸು ಒಪ್ಪಿದರೆ ಸಾಲದು. ರಾಜ್ಯಗಳ ಪೈಕಿ ನಾಲ್ಕರಲ್ಲಿ ಮೂರು ಪಾಲು ಅನುಮೋದಿಸಬೇಕು. ಸ್ತ್ರೀಯರಿಗೆ ಮತ ನೀಡುವ 19ನೆಯ ತಿದ್ದುಪಡಿಯನ್ನು ಕಾಂಗ್ರೆಸ್ಸು 1919ರ ಜೂನಿನಲ್ಲಿ ಒಪ್ಪಿತು. ಆಗ ಇದ್ದದ್ದು 48 ರಾಜ್ಯಗಳು. ಬೇಕಾದ ಅನುಮೋದನೆ 36. ಮರುವರ್ಷದ ಬೇಸಗೆಯ ಹೊತ್ತಿಗೆ 35 ದೊರೆತಿದ್ದವು. ಉಳಿದ ಒಂದಕ್ಕಾಗಿ ಎಲ್ಲರೂ ಟೆನೆಸಿಯ ಕಡೆ ನೋಡಿದರು.

ರಾಜಧಾನಿ ನ್ಯಾಶ್‌ವಿಲ್ಲಿಗೆ ಎರಡು ಕಡೆಯವರೂ ದಂಡು ಬಂದಿಳಿದರು. ಪರವಾದವರ ಗುರುತು ಹಳದಿ ಗುಲಾಬಿ, ವಿರೋಧಿಗಳದು ಕೆಂಪು. ಸೆನೇಟು 25ಕ್ಕೆ 4ರಂತೆ ಅನುಮೋದಿಸಿತು. ಆದರೆ ಬರ್ನನಿದ್ದ ಕೆಳಮನೆಯಲ್ಲಿ ಬಲಾಬಲ ಸಮವಾಗಿತ್ತು. ಆತನ ಕ್ಷೇತ್ರದಲ್ಲಿ ವಿರೋಧ ಬಲವಾಗಿತ್ತು. ರಾಜಕೀಯದಲ್ಲಿ ಆತನ ಹಿರಿಯನಾದ ಸೆನೇಟರ್ ಕ್ಯಾಂಡ್ಲರ್ ಕಟುವಾಗಿ ವಿರೋಧಿಸಿ ಮಾತನಾಡಿದ್ದ. ಚುನಾವಣೆಯೂ ಹತ್ತಿರವಿತ್ತು. ಬರ್ನ್ ಕೆಂಪು ಗುಲಾಬಿಯನ್ನೇ ಧರಿಸಿ ಬಂದ. ಆದರೆ ಕೋಟಿನ ಜೇಬಿನಲ್ಲಿ ತಾಯಿಯ ಕಾಗದವಿತ್ತು. ಊರಿನ ಸುದ್ದಿ, ಮಳೆಯ ಮಾತುಗಳ ನಡುವೆ ಆಕೆ ಬರೆದಿದ್ದಳು: ಹೆಂಗಸರಿಗೆ ಮತ ಬರುವಂತೆ ಓಟು ಮಾಡು, ಅವರನ್ನು ಅನುಮಾನದಲ್ಲಿಡಬೇಡ.

ಪ್ರಶ್ನೆಯನ್ನು ಬದಿಗಿಡಬೇಕೆಂಬ ಸೂಚನೆ ಮೊದಲು ಬಂತು. ಬರ್ನ್ ಅದರ ಪರ ಮತವಿತ್ತ. ಫಲಿತಾಂಶ 48ಕ್ಕೆ 48. ಮತ್ತೊಮ್ಮೆ ಎಣಿಸಿದರೂ ಅದೇ. ಸಮಬಲವಾದರೆ ಸೂಚನೆ ಬೀಳುತ್ತದೆ. ಹೀಗಾಗಿ ಅನುಮೋದನೆಯ ಮಾತೇ ಮತಕ್ಕೆ ಬಂತು. ಅಕಾರಾದಿಯಾಗಿ ಹೆಸರು ಕೂಗಿದಾಗ ಬರ್ನನ ಸರದಿ ಬೇಗನೆ ಬಂತು. ಆತ “ಹೌದು” ಎಂದ. ಮೊದಲ ಎಣಿಕೆಯಲ್ಲಿ ತಿದ್ದುಪಡಿ 49ಕ್ಕೆ 47ರಂತೆ ಗೆದ್ದಿತು.

ಕೂಡಲೇ ಲಂಚದ ಆರೋಪ ಎದ್ದಿತು. ಮರುದಿನ ಬರ್ನ್ ತನ್ನ ವಿವರಣೆಯನ್ನು ಸಭೆಯ ದಾಖಲೆಗೆ ಸೇರಿಸಿದ. ಮತದಾನ ಸ್ತ್ರೀಯರ ಹಕ್ಕೆಂದು ನಂಬುತ್ತೇನೆ. ಅನುಮೋದಿಸಲು ನಮಗೆ ನೈತಿಕವಾದ, ಕಾನೂನುಬದ್ಧವಾದ ಅಧಿಕಾರವಿತ್ತು. ತಾಯಿಯ ಬುದ್ಧಿಮಾತು ಮಗನಿಗೆ ಕ್ಷೇಮ ಎಂಬುದು ಅದರ ಸಾರಾಂಶ. ಲೋಕ ಮೂರನೆಯದನ್ನು ನೆನಪಿಟ್ಟಿತು. ಎರಡನೆಯದೂ ಹಗುರವಾದುದಲ್ಲ. ತಿದ್ದುಪಡಿಯೊಂದು ರಾಜ್ಯಗಳ ಮುಂದೆ ಬಂದ ಬಳಿಕ ಚುನಾಯಿತವಾದ ಸಭೆಯೇ ಅದನ್ನು ಪರಿಶೀಲಿಸಬೇಕೆಂದು ಟೆನೆಸಿಯ ರಾಜ್ಯಾಂಗದಲ್ಲಿತ್ತು. ಬರ್ನನ ಸಭೆ ಅದಕ್ಕೂ ಮುಂಚಿನದು. ಈ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಅನುಮೋದನೆಯ ಅಧಿಕಾರ ಕೇಂದ್ರ ರಾಜ್ಯಾಂಗದಿಂದ ಬಂದದ್ದು, ರಾಜ್ಯವೊಂದರ ನಿಯಮ ಅದನ್ನು ಕಟ್ಟಿಹಾಕಲಾರದು ಎಂದು 1922ರಲ್ಲಿ ತೀರ್ಪಾಯಿತು. ತರುಣನ ಮಾತು ನಿಂತಿತು.

ಆ ನವೆಂಬರಿನ ಚುನಾವಣೆಯಲ್ಲಿ ಬರ್ನ್ ಕಷ್ಟದಿಂದ ಗೆದ್ದ. 1923ರಲ್ಲಿ ವಕೀಲಿ ಸನ್ನದು ಪಡೆದ. ಮುಂದೆ ರಾಜ್ಯದ ಸೆನೇಟಿನಲ್ಲಿಯೂ, ರಾಜ್ಯಾಂಗವನ್ನು ತಿದ್ದಲು 1953ರಲ್ಲಿ ಸೇರಿದ ಸಮಾವೇಶದಲ್ಲಿಯೂ ಕುಳಿತು, 1977ರಲ್ಲಿ ತೀರಿಕೊಂಡ.

ಆ ಒಂದು ಮತದಿಂದ ಎಲ್ಲವೂ ಆಯಿತೆನ್ನುವಂತಿಲ್ಲ. ಅದರ ಹಿಂದೆ ಸ್ತ್ರೀಯರ ಎಪ್ಪತ್ತು ವರ್ಷಗಳ ಹೋರಾಟವಿತ್ತು. ಮುಂದೆಯೂ ಉಳಿದದ್ದು ಬಹಳ: ದಕ್ಷಿಣದ ರಾಜ್ಯಗಳಲ್ಲಿ ತಲೆಗಂದಾಯ, ಅಕ್ಷರಪರೀಕ್ಷೆಗಳ ನೆಪದಿಂದ ನೀಗ್ರೋ ಜನಾಂಗದ ಸ್ತ್ರೀಯರನ್ನು ಮತಗಟ್ಟೆಯಿಂದ ದೂರವಿಟ್ಟರು, ಅದಕ್ಕೆ ಪರಿಣಾಮಕಾರಿಯಾದ ಕಾಯಿದೆ ಬಂದದ್ದು 1965ರಲ್ಲಿ. ಆದರೂ ಪ್ರತಿನಿಧಿಯಾದವನು ಕ್ಷೇತ್ರದ ಮುನಿಸಿಗೂ ತನ್ನ ನಂಬಿಕೆಗೂ ನಡುವೆ ಸಿಕ್ಕಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಬರ್ನ್ ಒಂದು ಉತ್ತರ ಕೊಟ್ಟ. ಮನಸ್ಸಿಗೆ ತೋರಿದಂತೆ ಮತವಿತ್ತ, ಕಾರಣಗಳನ್ನು ಬರೆದು ದಾಖಲೆಗೆ ಸೇರಿಸಿದ, ಬಳಿಕ ಅದೇ ಜನರ ಮುಂದೆ ಮತ ಕೇಳಲು ಹೋಗಿ ನಿಂತ.