ಹಿಮದಡಿಯ ನೆರೆ ಕಟ್ಟಿದ ದಿಣ್ಣೆ

ಐಸ್‌ಲ್ಯಾಂಡಿನ ದಕ್ಷಿಣ ಭಾಗದಲ್ಲಿ ಸ್ಕೇಯ್ದರಾರ್‌ಯೋಕುಲ್ ಎಂಬ ಹಿಮನದಿಯಿದೆ. ಅದರ ಅಂಚಿನಲ್ಲಿ ಮರಳು, ಗುಂಡುಕಲ್ಲುಗಳ ಸುಮಾರು 700 ಮೀಟರ್ ಉದ್ದದ ದಿಣ್ಣೆಯೊಂದು ಕಾಣಿಸಿಕೊಂಡಿತು. ಭೂವಿಜ್ಞಾನಿಗಳು ಇಂಥದ್ದನ್ನು ಎಸ್ಕರ್ ಎನ್ನುತ್ತಾರೆ. ಫಿನ್ಲೆಂಡ್, ಸ್ವೀಡನ್, ಕೆನಡಾಗಳಲ್ಲಿ ಹಿಮಯುಗ ಬಿಟ್ಟುಹೋದ ಎಸ್ಕರ್‌ಗಳು ಬೇಕಾದಷ್ಟಿವೆ. ಹಿಮದಡಿಯ ತೊರೆಗಳು ವರ್ಷಗಟ್ಟಲೆ ಹೊತ್ತು ತಂದ ಹೂಳಿನಿಂದ ಅವು ಬೆಳೆದವು ಎಂಬುದು ರೂಢಿಯ ವಿವರಣೆ. ಈ ದಿಣ್ಣೆ ಮಾತ್ರ 1996ರ ನವೆಂಬರಿನ ಒಂದೇ ನೆರೆಯಲ್ಲಿ ಹುಟ್ಟಿದ್ದು.

ಆ ವರ್ಷದ ಸೆಪ್ಟೆಂಬರ್ 30ರಂದು, ಈ ಹಿಮನದಿ ಹೊರಡುವ ವಾಟ್ನಯೋಕುಲ್ ಹಿಮರಾಶಿಯ ಅಡಿಯಲ್ಲಿ ಜ್ವಾಲಾಮುಖಿ ಬಾಯ್ತೆರೆಯಿತು. ಕರಗಿದ ನೀರು ಪಕ್ಕದ ಗ್ರಿಮ್ಸ್‌ವೋಟ್ನ್ ಕುಳಿಗೆ ಹರಿದು, ಅಲ್ಲಿಯ ಮಂಜುಗಡ್ಡೆಯ ಕೆಳಗೇ ಸರೋವರವಾಗಿ ನಿಂತಿತು. 2023ರಲ್ಲಿ ಸಿಕ್ಕಿಂನಲ್ಲಿ ಒಡೆದ ದಕ್ಷಿಣ ಲೊನಾಕ್ ಸರೋವರ ಹಿಮನದಿಯ ಮುಂದೆ ಬಯಲಲ್ಲೇ ಇತ್ತು. ಗ್ರಿಮ್ಸ್‌ವೋಟ್ನ್‌ನಲ್ಲಾದರೋ ನೀರು ಕಣ್ಣಿಗೇ ಬೀಳುವಂತಿರಲಿಲ್ಲ. ಒಂದು ತಿಂಗಳಲ್ಲಿ ಮೂರು ಘನ ಕಿಲೋಮೀಟರಿಗೂ ಹೆಚ್ಚು ನೀರು ತುಂಬಿತು. ನೆರೆ ಬರುವುದು ಖಚಿತವೆಂದು ಎಲ್ಲರೂ ಕಾಯುತ್ತಿದ್ದರು.

ಸಾಮಾನ್ಯವಾಗಿ ಇಂಥ ನೀರು ಮೊದಲು ಸಣ್ಣ ಹಾದಿ ಹಿಡಿಯುತ್ತದೆ. ಹರಿವಿನ ತಿಕ್ಕಾಟದ ಶಾಖಕ್ಕೆ ಹಿಮದ ಗೋಡೆ ಕರಗಿ, ಸುರಂಗ ದಿನದಿಂದ ದಿನಕ್ಕೆ ಹಿಗ್ಗುತ್ತದೆ. 1996ರಲ್ಲಿ ಅಷ್ಟು ವ್ಯವಧಾನವಿರಲಿಲ್ಲ. ಒತ್ತಡದ ನೀರು ಜಾಕಿಯಂತೆ ಹಿಮನದಿಯನ್ನೇ ನೆಲದಿಂದ ಎತ್ತಿ, ಅಡಿಯಲ್ಲಿ ಹಾಳೆಯಾಗಿ ಹರಡಿ ಸುಮಾರು 50 ಕಿಲೋಮೀಟರ್ ನುಗ್ಗಿತು. ನವೆಂಬರ್ 5ರ ಬೆಳಿಗ್ಗೆ ಅಂಚಿನಲ್ಲಿ ಹೊರಬಿದ್ದ ನೆರೆ, ಅದೇ ದಿನ ಸೆಕೆಂಡಿಗೆ ಸುಮಾರು 50,000 ಘನ ಮೀಟರ್ ಮುಟ್ಟಿತು. ಹೆದ್ದಾರಿಯ ಸೇತುವೆ ಕೊಚ್ಚಿಹೋಯಿತು. ಮುನ್ನೆಚ್ಚರಿಕೆಯಿಂದಾಗಿ ಒಂದು ಜೀವವೂ ಹೋಗಲಿಲ್ಲ.

ಅಂಚಿನ ಬಳಿ ನೀರು ಮಂಜುಗಡ್ಡೆಯನ್ನು ಸೀಳಿ ಮೇಲಕ್ಕೆ ಚಿಮ್ಮಿತು. ಬಿರುಕುಗಳೊಳಗೆ ಮರಳು, ಜಲ್ಲಿ ಗಿಡಿದುಕೊಂಡವು. ಒಳಗೆ ನೆರೆಯೇ ಕೊರೆದ ಸುರಂಗ ಅಗಲವಾದೆಡೆ ಹರಿವಿನ ಬಿರುಸು ತಗ್ಗಿ ಕಲ್ಲುಗಳು ತಳ ಸೇರಿ, ಪದರದ ಮೇಲೆ ಪದರ ಕೂತವು. ಮುಂದೆ ಹಿಮ ಕರಗುತ್ತ ಹಿಂದೆ ಸರಿದಾಗ ಆ ಸುರಂಗದ ತುಂಬುಮಣ್ಣೇ ದಿಣ್ಣೆಯಾಗಿ ಬಯಲಾಯಿತು. ರೇಡಾರ್‌ನಿಂದ ಅದರ ಒಡಲನ್ನು ಪರೀಕ್ಷಿಸಿದವರಿಗೆ ನೆರೆ ಏರಿ ಇಳಿದ ಹಂತಗಳು ಪದರಗಳಲ್ಲೇ ಸಿಕ್ಕವು.

ಹಿಮದಡಿಯ ನೀರಿಗೆ ಇಳಿಜಾರೇ ಬೇಕೆಂದಿಲ್ಲ. ಮೇಲಿನ ಹಿಮದ ಭಾರ ತಳ್ಳಿದತ್ತ ಅದು ಏರನ್ನೂ ಹತ್ತುತ್ತದೆ. ಅಂಟಾರ್ಕ್ಟಿಕಾದ ರೈಟ್ ಕಣಿವೆಯಲ್ಲಿ ‘ಲ್ಯಾಬಿರಿಂತ್’ ಎಂಬ ಜಾಗದಲ್ಲಿ ಗಟ್ಟಿ ಡಾಲೆರೈಟ್ ಬಂಡೆಯನ್ನೇ ಕೊರೆದ ಕಾಲುವೆಗಳ ಜಾಲವಿದೆ. ಕೆಲವು 200 ಮೀಟರಿಗೂ ಆಳ. ಅವುಗಳ ತಳ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಬಯಲಲ್ಲಿ ಹರಿಯುವ ಹೊಳೆ ಹಾಗೆ ಕೊರೆಯಲಾರದು. ಕೋಟಿ ವರ್ಷಗಳಿಗೂ ಹಿಂದೆ ಹಿಮದಡಿ ನುಗ್ಗಿದ ನೆರೆಗಳ ಕೆಲಸವದು ಎಂದು ಸಂಶೋಧಕರು ಹೇಳುತ್ತಾರೆ.

ಹಳೆಯ ಎಸ್ಕರ್‌ಗಳೆಲ್ಲ ದಿಢೀರ್ ನೆರೆಯಿಂದಲೇ ಆದವೆಂದು ಹೇಳಿದರೆ ಅತಿಯಾದೀತು. ಆದರೆ ದಿಣ್ಣೆಯ ಗಾತ್ರ ನೋಡಿ ಅದರ ವಯಸ್ಸು ಅಳೆಯುವುದನ್ನು ಇನ್ನಾದರೂ ಬಿಡಬೇಕು. ನೋಡಬೇಕಾದದ್ದು ಒಳಗಿನ ಪದರಗಳನ್ನು: ಹರಿವು ತಣ್ಣಗಾದಾಗಲೆಲ್ಲ ಕೂರುವ ನುಣುಪು ಕೆಸರಿನ ಗೆರೆಗಳು ನಡುನಡುವೆ ಇವೆಯೋ, ಇಲ್ಲ ತಳದಿಂದ ನೆತ್ತಿಯವರೆಗೆ ಒಂದೇ ಉಸಿರಿಗೆ ಸುರಿದ ಕಲ್ಲುಗಳಷ್ಟೇ ಇವೆಯೋ ಎಂದು.