ಬಾಕಿ ಉಳಿದಿದ್ದ ಹರಕೆ

ಊರಲ್ಲಿ ಆಷಾಢದ ಮಳೆ ಹುಯ್ಯೋ ಹೊತ್ತಿಗೆ ಇಲ್ಲಿ ಸಿಡ್ನಿಯಲ್ಲಿ ಚಳಿಗಾಲ. ಶನಿವಾರ ಹತ್ತು ಗಂಟೆಗೆ ಮುಂಚೆ ಹಾಸಿಗೆ ಬಿಡುವ ಜಾತಿ ನಾನಲ್ಲ. ಅಂಥವನು 2025ರ ಜುಲೈ 19ರ ಶನಿವಾರ ಬೆಳಿಗ್ಗೆ ಏಳಕ್ಕೆ ರಾಂಡ್‌ವಿಕ್‌ನ ಅವೋಕಾ ಸ್ಟ್ರೀಟಿನಲ್ಲಿರೋ ಚರ್ಚಿನ ಮುಂದೆ ಕೈ ಉಜ್ಜಿಕೊಳ್ತಾ ನಿಂತಿದ್ದೆ. ಜೊತೆಗೆ ಮಂಗಳೂರಿನ ಗೆಳೆಯ. ಬಂದವನೇ ಶುರು ಮಾಡಿದ, "ಹರಕೆ ಹೊತ್ತದ್ದು ನೀನು, ಈ ಚಳಿಯಲ್ಲಿ ಎದ್ದು ಬಂದದ್ದು ನಾನು. ಇದೆಂಥ ನ್ಯಾಯ ಮಾರಾಯಾ?"

ಹೌದು, ಹರಕೆ. ಇಂಜಿನಿಯರಿಂಗ್ ಓದಿ, ದಿನಾ ಕೋಡ್ ಬರೆಯೋ ನಾನು ಹರಕೆ ಹೊತ್ತ ಕತೆ ಹೇಳ್ತೀನಿ ಕೇಳಿ.

ಮಾಸ್ಟರ್ಸ್ ಮಾಡೋಕೆ ಅಂತ ನಾನು ಮೆಲ್ಬೋರ್ನ್‌ಗೆ ಬಂದಿಳಿದದ್ದು 2020ರ ಫೆಬ್ರವರಿಯಲ್ಲಿ. ಮುಂದಿನ ತಿಂಗಳೇ ದೇಶದ ಗಡಿ ಮುಚ್ಚಿತು. 2021ರ ಏಪ್ರಿಲ್ ಕೊನೆಗೆ ಭಾರತದಿಂದ ಬರೋ ವಿಮಾನಗಳನ್ನೂ ನಿಲ್ಲಿಸಿದರು. ಸರಿಯಾಗಿ ಆಗಲೇ, ಮೇ ಮೊದಲ ವಾರ, ಅಪ್ಪ ಕೋವಿಡ್ ಆಗಿ ಹಾಸನದಲ್ಲಿ ಆಸ್ಪತ್ರೆ ಸೇರಿದರು. ಅಮ್ಮ ಫೋನಿನಲ್ಲಿ ಆಕ್ಸಿಜನ್ ಎಷ್ಟು ಅಂತ ಒಂದೊಂದೇ ನಂಬರ್ ಹೇಳ್ತಿದ್ರು. 88. 86. ನಾನು ಇಲ್ಲಿ ಅದನ್ನ ಎಕ್ಸೆಲ್ ಶೀಟಿಗೆ ಹಾಕಿ ಗ್ರಾಫ್ ಮಾಡ್ತಿದ್ದೆ. ಬೇರೇನು ಮಾಡೋದು ಅಂತ ಗೊತ್ತಿರಲಿಲ್ಲ.

ಒಂದು ಸಂಜೆ ಲಾನ್ಸ್‌ಡೇಲ್ ಸ್ಟ್ರೀಟಿನಲ್ಲಿ ಸುಮ್ನೆ ನಡೀತಿದ್ದೆ. ಸೇಂಟ್ ಫ್ರಾನ್ಸಿಸ್ ಚರ್ಚಿನ ಬಾಗಿಲು ತೆರೆದಿತ್ತು, ಒಳಗೆ ಬೆಚ್ಚಗಿತ್ತು. ಹೋಗಿ ಕೂತೆ. ಅಷ್ಟೇ ಕಾರಣ, ಭಕ್ತಿ ಗಿಕ್ತಿ ಏನಿರಲಿಲ್ಲ. ಆ ದಿನದ ನಂಬರ್ 81. ಕಣ್ಣು ಮುಚ್ಚಿ, ಕನ್ನಡದಲ್ಲೇ ಹೇಳಿದೆ: "ಇಲ್ಲಿ ಯಾರಿದ್ದೀರೋ ನನಗೆ ಗೊತ್ತಿಲ್ಲ. ನಮ್ಮಪ್ಪ ಮನೆಗೆ ಬಂದ್ರೆ ನಾನು ನಿಮ್ಮ ಹತ್ರ ನಡ್ಕೊಂಡು ಬರ್ತೀನಿ." ಎಲ್ಲಿಂದ, ಎಷ್ಟು ಕಿಲೋಮೀಟರ್, ಯಾವಾಗ, ಒಂದೂ ಹೇಳಲಿಲ್ಲ. ಆಫೀಸಲ್ಲಿ ಯಾರಾದ್ರೂ ಇಂಥ ರಿಕ್ವೈರ್‌ಮೆಂಟ್ ಕೊಟ್ರೆ ನಾನೇ ವಾಪಸ್ ಕಳಿಸ್ತೀನಿ!

ಹತ್ತೊಂಬತ್ತು ದಿನದ ಮೇಲೆ ಅಪ್ಪ ಮನೆಗೆ ಬಂದರು.

ಅಮ್ಮನೂ ಆಗಲೇ ಧರ್ಮಸ್ಥಳಕ್ಕೆ ಹರಕೆ ಹೊತ್ತಿದ್ದರಂತೆ. 2023ರ ಶಿವರಾತ್ರಿಗೆ ಊರಿನವರ ಜೊತೆ ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ ದಾಟಿ ನಡ್ಕೊಂಡೇ ಹೋಗಿ ತೀರಿಸಿ ಬಂದರು. ಮಂಡಿ ನೋವಿದ್ದವರು! ನಾನು? ಓದು ಮುಗೀತು, ಕೆಲಸ ಸಿಕ್ತು, ಸಿಡ್ನಿಗೆ ಬಂದೆ, ಹರಕೆ ಮರೆತೆ. ಮರೆತೆ ಅನ್ನೋದು ಸುಳ್ಳು. ಮುಂದೂಡಿದೆ.

2025ರ ಮಾರ್ಚ್‌ನಲ್ಲಿ ಅಪ್ಪ ಹೋದರು. ಹೃದಯಾಘಾತ. ಈ ಸಲ ವಿಮಾನ ಇತ್ತು, ಆದ್ರೂ ನಾನು ತಲುಪೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ವೈಕುಂಠ ಸಮಾರಾಧನೆಯ ರಾತ್ರಿ ಅಮ್ಮನ ಹತ್ರ ಮೊದಲ ಸಲ ಈ ವಿಷಯ ಹೇಳಿದೆ. ನಾನು ತೀರಿಸದೇ ಇದ್ದಿದ್ದಕ್ಕೇ ಹೀಗಾಯ್ತೇನೋ ಅಂತ ಒಳಗೊಳಗೇ ಕೊರೀತಿತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಮ್ಮನಿಗೆ ಗೊತ್ತಾಯ್ತು ಅನ್ಸುತ್ತೆ. "ದೇವರು ಬಡ್ಡಿ ವ್ಯಾಪಾರ ಮಾಡಲ್ಲ ಕಣೋ. ಮನೆಗೆ ಬರಲಿ ಅಂತ ಕೇಳಿದ್ದೆ, ಬಂದ್ರು. ನಾಲ್ಕು ವರ್ಷ ಸಿಕ್ತಲ್ಲ ನಮಗೆ. ಯಾರ ಹತ್ರ ಕೇಳಿದ್ಯೋ ಅವರಿಗೇ ಹೋಗಿ ಒಪ್ಪಿಸು" ಅಂದ್ರು.

ಯಾರ ಹತ್ರ ಕೇಳಿದ್ದೆ? ಸಿಡ್ನಿಗೆ ವಾಪಸ್ ಬಂದ ಮೇಲೆ ಓದೋಕೆ ಶುರು ಮಾಡಿದೆ. ಸೇಂಟ್ ಫ್ರಾನ್ಸಿಸ್ ವಿಕ್ಟೋರಿಯಾದ ಅತಿ ಹಳೆಯ ಕ್ಯಾಥೊಲಿಕ್ ಚರ್ಚು, ಅಡಿಪಾಯ ಬಿದ್ದದ್ದು 1841ರಲ್ಲಿ. ಮರುವರ್ಷ ಅಲ್ಲಿ ಒಂದು ಸ್ಕಾಟಿಷ್ ವಲಸಿಗ ದಂಪತಿಯ ಮಗುವಿಗೆ ಜ್ಞಾನಸ್ನಾನ ಆಯ್ತು. ಎಂಟು ಮಕ್ಕಳಲ್ಲಿ ಹಿರಿಯವಳು. ಹೆಸರು ಮೇರಿ ಮೆಕಿಲಪ್. 2010ರ ಅಕ್ಟೋಬರ್ 17ರಂದು ಪೋಪ್ 16ನೇ ಬೆನೆಡಿಕ್ಟ್ ಆಕೆಯನ್ನು ಸಂತಳೆಂದು ಘೋಷಿಸಿದರು. ಆಸ್ಟ್ರೇಲಿಯಾದ ಮೊದಲ ಸಂತೆ. ಆಕೆಯ ಸಮಾಧಿ ಇರೋದು ನಾರ್ತ್ ಸಿಡ್ನಿಯಲ್ಲಿ, ನನ್ನ ಆಫೀಸಿನಿಂದ ಎರಡು ಸ್ಟೇಷನ್ ಆಚೆ!

ಮೊದಲು ನನ್ನ ಮಂಗಳೂರು ಗೆಳೆಯ "ಸಿಡ್ನಿಯಿಂದ ಮೆಲ್ಬೋರ್ನ್‌ಗೇ ನಡಿ" ಅಂತ ತಮಾಷೆ ಮಾಡಿದ. ನಗಬೇಡಿ, ಆ ದಾರಿಯಲ್ಲಿ ಓಡಿದವರೂ ಇದ್ದಾರೆ. ನಮ್ಮ ಹಾಸನದವರ ಹಾಗೆ ಆಲೂಗಡ್ಡೆ ಬೆಳೀತಿದ್ದ 61 ವರ್ಷದ ರೈತ ಕ್ಲಿಫ್ ಯಂಗ್, 1983ರಲ್ಲಿ 875 ಕಿ.ಮೀ. ದೂರವನ್ನ ಆರು ದಿನದೊಳಗೆ ಓಡಿ ಸ್ಪರ್ಧೆ ಗೆದ್ದ. ನನಗೆ ಅಷ್ಟು ಕಾಲೂ ಇಲ್ಲ, ರಜೆಯೂ ಇಲ್ಲ. ಮೇರಿ ಮೆಕಿಲಪ್ ಹೆಸರಲ್ಲಿ ಪೋರ್ಟ್‌ಲ್ಯಾಂಡ್‌ನಿಂದ ಪೆನೋಲಾಗೆ ಹೋಗೋ 'ಆಸ್ಸೀ ಕಮಿನೋ' ಅನ್ನೋ ದಾರಿ ಇದೆ, ಅದು ನೂರೈವತ್ತು ಕಿಲೋಮೀಟರ್‌ಗೂ ಹೆಚ್ಚು. ಕೊನೆಗೆ ನಾನು ಆರಿಸಿಕೊಂಡಿದ್ದು 2008ರ ದಾರಿ. ಆ ವರ್ಷ ಸಿಡ್ನಿಯಲ್ಲಿ ವಿಶ್ವ ಯುವದಿನ ನಡೀತು. ಜುಲೈ 19ರ ಶನಿವಾರ ದೇಶವಿದೇಶದ ಯಾತ್ರಿಕರು ನಾರ್ತ್ ಸಿಡ್ನಿಯಿಂದ ಹಾರ್ಬರ್ ಸೇತುವೆ ದಾಟಿ ರಾಂಡ್‌ವಿಕ್ ಕುದುರೆ ರೇಸ್ ಮೈದಾನಕ್ಕೆ ನಡೆದು, ಆ ಚಳಿಯಲ್ಲಿ ರಾತ್ರಿಯಿಡೀ ಬಯಲಲ್ಲೇ ಕಳೆದರು. ಮರುದಿನದ ಬಲಿಪೂಜೆಗೆ ಸೇರಿದ್ದು ಲಕ್ಷಗಟ್ಟಲೆ ಜನ. ಸುಮಾರು ಹತ್ತು ಕಿಲೋಮೀಟರ್. ಅದನ್ನೇ ತಿರುವುಮುರುವಾಗಿ ನಡೆದರೆ ಸಮಾಧಿಗೆ ಬಂದು ಮುಗಿಯುತ್ತೆ. ತಾರೀಖು, ವಾರ ಎರಡೂ ಕೂಡಿ ಬಂತು.

ಆನ್‌ಜಾಕ್ ಪೆರೇಡ್ ಹಿಡಿದು ಹೊರಟೆವು. ಪಕ್ಕದಲ್ಲೇ ಟ್ರಾಮ್ ಹೋಗ್ತಿತ್ತು. "ಹತ್ತಿ ಬಿಡುವನಾ? ಮಂಜುನಾಥನಿಗೂ ಗೊತ್ತಾಗುದಿಲ್ಲ, ಮೇರಿಗೂ ಗೊತ್ತಾಗುದಿಲ್ಲ" ಅಂದ ಗೆಳೆಯ. ಹತ್ತಲಿಲ್ಲ ಬಿಡಿ. ಕ್ರಿಕೆಟ್ ಸ್ಟೇಡಿಯಂ ದಾಟಿ, ಆಕ್ಸ್‌ಫರ್ಡ್ ಸ್ಟ್ರೀಟ್ ಹಿಡಿದು ಹೈಡ್ ಪಾರ್ಕ್ ಮುಟ್ಟೋ ಹೊತ್ತಿಗೆ ಹೊಸ ಶೂ ಹಿಮ್ಮಡಿ ಕಚ್ಚೋಕೆ ಶುರು ಮಾಡಿತ್ತು. ಅಮ್ಮ ಘಾಟಿ ಇಳಿದದ್ದು ಹವಾಯಿ ಚಪ್ಪಲಿಯಲ್ಲಿ. ಆ ವರ್ಷ ಅವರು ಫೋನಲ್ಲಿ "ಕಾಲು ಬೊಬ್ಬೆ ಎದ್ದಿದೆ" ಅಂದಾಗ ನಾನು "ಬಸ್ಸಲ್ಲಿ ಹೋಗೋಕೆ ಏನಾಗಿತ್ತು ನಿಮಗೆ" ಅಂತ ರೇಗಿದ್ದೆ. ಅದು ನೆನಪಾಯ್ತು.

ಸೇಂಟ್ ಮೇರೀಸ್ ಕೆಥೆಡ್ರಲ್‌ನಲ್ಲಿ ಸ್ವಲ್ಪ ಹೊತ್ತು ಕೂತೆವು. ಜೇನಿನ ಬಣ್ಣದ ಮರಳುಗಲ್ಲಿನ ಕಟ್ಟಡ. ಇದರ ಶಿಲ್ಪಿ ವಿಲಿಯಂ ವಾರ್ಡೆಲ್, ಮೆಲ್ಬೋರ್ನ್‌ನ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್ ವಿನ್ಯಾಸವೂ ಇವನದ್ದೇ. ಆಮೇಲೆ ಮ್ಯಾಕ್ವಾರಿ ಸ್ಟ್ರೀಟ್ ದಾಟಿ, ರಾಕ್ಸ್‌ನ ಮೆಟ್ಟಿಲು ಹತ್ತಿ ಸೇತುವೆ ಸೇರಿದೆವು. 1932ರಲ್ಲಿ ತೆರೆದ ಈ ಸೇತುವೆಯ ಉದ್ದ 1149 ಮೀಟರ್. ಬಲಗಡೆ ಕೆಳಗೆ ಒಪೆರಾ ಹೌಸ್, ಎಡಗಡೆ ಬಿಡುವಿಲ್ಲದೆ ಕಾರು, ಮುಖಕ್ಕೆ ರಾಚೋ ಗಾಳಿ. ಮಾತು ಕೇಳಿಸದಷ್ಟು ಸದ್ದು ಅಂತ ಇಬ್ಬರೂ ಸುಮ್ಮನಾದೆವು. ಸೇತುವೆಯ ನಡುವೆ ಎಲ್ಲೋ ನನಗೆ ಅಳು ಬಂತು. ಮಾರ್ಚ್‌ನಿಂದ ಬಂದಿರಲಿಲ್ಲ. ಗೆಳೆಯ ನೋಡಿಯೂ ನೋಡದ ಹಾಗೆ ನಾಲ್ಕು ಹೆಜ್ಜೆ ಮುಂದೆ ನಡೆದ.

ಮೌಂಟ್ ಸ್ಟ್ರೀಟಿನ ಆ ಪ್ರಾರ್ಥನಾ ಮಂದಿರ ತುಂಬಾ ಚಿಕ್ಕದು. ಈಕೆ ಮಾಡಿದ್ದಾದ್ರೂ ಏನು ಅಂತ ನೀವು ಕೇಳಬಹುದು. 1866ರಲ್ಲಿ ಪೆನೋಲಾ ಅನ್ನೋ ಹಳ್ಳಿಯ ಹಳೇ ಕುದುರೆ ಲಾಯದಲ್ಲಿ ಬಡಮಕ್ಕಳಿಗೆ ಶಾಲೆ ಶುರು ಮಾಡಿದಳು. ಫಾದರ್ ಟೆನಿಸನ್ ವುಡ್ಸ್ ಜೊತೆ ಸೇಂಟ್ ಜೋಸೆಫ್ ಸಿಸ್ಟರ್ಸ್ ಸಂಘ ಕಟ್ಟಿದಳು. 1871ರ ಸೆಪ್ಟೆಂಬರ್‌ನಲ್ಲಿ, ಹೇಳಿದ ಮಾತು ಕೇಳಲಿಲ್ಲ ಅಂತ ಅಡಿಲೇಡ್‌ನ ಬಿಷಪ್ ಬಹಿಷ್ಕಾರ ಹಾಕಿದರು. ಆಗ ಆಕೆಗೆ 29, ನನಗಿಂತ ಒಂದೇ ವರ್ಷ ದೊಡ್ಡವಳು. ಐದು ತಿಂಗಳ ಮೇಲೆ, ಸಾವಿನ ಹಾಸಿಗೆಯಲ್ಲಿದ್ದ ಅದೇ ಬಿಷಪ್ ಬಹಿಷ್ಕಾರ ತೆಗೆದರು. 1909ರ ಆಗಸ್ಟ್ 8ರಂದು ತೀರಿಕೊಂಡಾಗ ಗೋರ್ ಹಿಲ್ ಸ್ಮಶಾನದಲ್ಲಿ ಹೂಳಿದ್ದರು. ಜನ ಬಂದು ಬಂದು ಸಮಾಧಿಯ ಮಣ್ಣು ತಗೊಂಡು ಹೋಗೋಕೆ ಶುರು ಮಾಡಿದರಂತೆ. ಅದಕ್ಕೇ 1914ರಲ್ಲಿ ಇಲ್ಲಿಗೆ ತಂದಿದ್ದು.

ಅದನ್ನ ಓದಿದಾಗ ಮೈ ಜುಂ ಅಂದಿತ್ತು. ನಮ್ಮನೆ ದೇವರ ಗೂಡಲ್ಲಿ ಕುಕ್ಕೆಯ ಮೃತ್ತಿಕೆ ಒಂದು ಡಬ್ಬಿಯಲ್ಲಿದೆ. ಅಪ್ಪ ಆಸ್ಪತ್ರೆಗೆ ಹೊರಟಾಗ ಅಮ್ಮ ಹಣೆಗೆ ಹಚ್ಚಿ ಕಳಿಸಿದ್ದು ಅದೇ ಮಣ್ಣು.

ಸಮಾಧಿ ಕಲ್ಲಿನ ಪಕ್ಕ ಒಬ್ಬ ಫಿಲಿಪಿನೋ ಅಜ್ಜಿ ಮಂಡಿಯೂರಿ ಕೂತಿದ್ದರು. ನಾನೂ ಕೂತೆ. ಗೆಳೆಯ ಮೇಣದಬತ್ತಿ ಹಚ್ಚಿದ. ಅವನಮ್ಮ ಪ್ರತಿ ಜನವರಿ ಕಾರ್ಕಳದ ಅತ್ತೂರು ಜಾತ್ರೆಗೆ ಹೋಗಿ ಮೇಣದಬತ್ತಿ ಹಚ್ಚುತ್ತಾರಂತೆ. "ಅಲ್ಲಿ ನಿಮ್ಮವರೇ ಎಷ್ಟೋ ಜನ ಹರಕೆ ಹೇಳಿಕೊಳ್ತಾರೆ. ನೀನೇನು ಹೊಸದು ಮಾಡಲಿಲ್ಲ" ಅಂದ.

ಆದ್ರೆ ನಾನು ಹರಕೆ ಹೊತ್ತದ್ದು ಮೆಲ್ಬೋರ್ನ್‌ನಲ್ಲಿ ಅಲ್ವಾ? ಆಗಸ್ಟ್ 8, ಆಕೆಯ ಹಬ್ಬದ ದಿನ. ರಜೆ ಹಾಕಿ ಒಬ್ಬನೇ ಹೋದೆ. ಫಿಟ್ಸ್‌ರಾಯ್‌ನ ಬ್ರನ್ಸ್‌ವಿಕ್ ಸ್ಟ್ರೀಟಿನಲ್ಲಿ ಆಕೆ ಹುಟ್ಟಿದ ಜಾಗದ ಗುರುತಿಗೆ ಫುಟ್‌ಪಾತಿನಲ್ಲೇ ಒಂದು ಫಲಕ ಇದೆ. ಜನ ಕಾಫಿ ಹಿಡ್ಕೊಂಡು ಅದನ್ನ ದಾಟಿಕೊಂಡು ಹೋಗ್ತಿದ್ರು. ಅಲ್ಲಿಂದ ವಾರ್ಡೆಲ್‌ನ ಇನ್ನೊಂದು ಕೂಸು, ಕಪ್ಪು ಕಲ್ಲಿನ ಸೇಂಟ್ ಪ್ಯಾಟ್ರಿಕ್ಸ್. ಆಮೇಲೆ ಲಾನ್ಸ್‌ಡೇಲ್ ಸ್ಟ್ರೀಟ್. ಒಟ್ಟು ಎರಡು ಕಿಲೋಮೀಟರ್ ಇದ್ದೀತು. ಬೇಕಂತಲೇ ನಿಧಾನಕ್ಕೆ ನಡೆದೆ.

ನಾಲ್ಕು ವರ್ಷದ ಹಿಂದೆ ಕೂತಿದ್ದ ಬೆಂಚು ಯಾವುದು ಅಂತ ನೆನಪಾಗಲಿಲ್ಲ. ಯಾವುದೋ ಒಂದರಲ್ಲಿ ಕೂತು, ಮತ್ತೆ ಕನ್ನಡದಲ್ಲೇ ಹೇಳಿದೆ: "ಬಂದೆ. ತಡ ಆಯ್ತು." ಅದಕ್ಕಿಂತ ಹೆಚ್ಚು ಮಾತು ಬರಲಿಲ್ಲ. ಅಪ್ಪನ ಸಾವು ನನ್ನಿಂದಲ್ಲ ಅನ್ನೋದು ತಲೆಗೆ ಮೊದಲೇ ಗೊತ್ತಿತ್ತು. ಆದ್ರೂ ಎದೆಯಿಂದ ಒಂದು ಭಾರ ಇಳಿಯೋಕೆ ಹನ್ನೆರಡು ಕಿಲೋಮೀಟರ್ ಬೇಕಾಯ್ತು.

ಹೊರಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. "ಹೆಸರು ನನ್ನ ಬಾಯಿಗೆ ಬರಲ್ಲ. ಆ ತಾಯಿಗೆ ಒಂದು ಕಾಯಿ ಒಡೆಸಿದ್ಯಾ?" ಅಂದ್ರು.

"ಇಲ್ಲಿ ಕಾಯಿ ಒಡೆಯಲ್ಲಮ್ಮ. ಮೇಣದಬತ್ತಿ ಹಚ್ಚಿದೆ."

"ಸರಿ. ಕಾಲು ನೋವಿದ್ಯಾ? ರಾತ್ರಿ ಬಿಸಿನೀರಿಗೆ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರು. ಬೊಬ್ಬೆ ಒಡೀಬೇಡ."

ಎರಡು ವರ್ಷದ ಹಿಂದೆ ನಾನು ಅವರಿಗೆ ಹೇಳಬೇಕಾಗಿದ್ದ ಮಾತು ಅದು.