ಔಷಧಕ್ಕೆ ಕರುಳೇ ಹೊರದಾರಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಬೈಲುಗದ್ದೆಗಳಲ್ಲಿ ನಾಟಿ ಶುರುವಾದರೆ ಇಲಿಜ್ವರದ ಭಯವೂ ಜೊತೆಗೇ ಬರುತ್ತದೆ. ಇಲಿಯ ಮೂತ್ರ ಸೇರಿದ ಕೆಸರುನೀರು, ಬಿರುಕುಬಿಟ್ಟ ಹಿಮ್ಮಡಿ. ರೋಗಾಣು ಒಳಹೊಗಲು ಅಷ್ಟು ಸಾಕು. ಇದಕ್ಕೆ ಕೊಡುವ ಮುಖ್ಯ ಔಷಧಗಳಲ್ಲಿ ಡಾಕ್ಸಿಸೈಕ್ಲಿನ್ ಒಂದು. ವಯಸ್ಕರಿಗೆ ಸಾಮಾನ್ಯವಾಗಿ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ.

ಪೆನ್ಸಿಲಿನ್‌ನಂಥ ಅನೇಕ ಆ್ಯಂಟಿಬಯಾಟಿಕ್‌ಗಳನ್ನು ಹೊರಹಾಕುವುದು ಮೂತ್ರಪಿಂಡ. ಇಲಿಜ್ವರ ಉಲ್ಬಣಿಸಿದರೆ ಕೆಡಿಸುವುದೂ ಅದನ್ನೇ. ಡಾಕ್ಸಿಸೈಕ್ಲಿನ್‌ನ ಹೆಚ್ಚಿನ ಪಾಲು ಮಾತ್ರ ಕರುಳಿನ ದಾರಿ ಹಿಡಿಯುತ್ತದೆ. ಒಂದಿಷ್ಟು ಪಿತ್ತರಸದ ಜೊತೆ ಇಳಿದು ಬರುತ್ತದೆ. ಇನ್ನಷ್ಟು ರಕ್ತದಿಂದ ನೇರವಾಗಿ ಕರುಳಿನ ಗೋಡೆ ದಾಟಿ ಒಳಕ್ಕೆ ಜಿನುಗುತ್ತದೆ. ಅಲ್ಲಿ ಅದು ಕ್ಯಾಲ್ಸಿಯಂ, ಕಬ್ಬಿಣದಂಥ ಖನಿಜಗಳಿಗೂ ಮಲಕ್ಕೂ ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದು ಮತ್ತೆ ರಕ್ತ ಸೇರದೆ ಮಲದೊಂದಿಗೆ ಹೊರಹೋಗುತ್ತದೆ. ಹಾಗಾಗಿ ಮೂತ್ರಪಿಂಡ ಸೋತರೂ ಈ ಔಷಧ ಮೈಯಲ್ಲಿ ಮಿತಿಮೀರಿ ಉಳಿಯುವುದಿಲ್ಲ. ಜ್ವರದಲ್ಲಿ ಮೂತ್ರ ಕಟ್ಟಿದವರಿಗೆ ಇದು ಸಣ್ಣ ಆಸರೆಯಲ್ಲ.

ಇದೇ ಅಂಟುಗುಣ ನುಂಗುವ ಹೊತ್ತಿಗೆ ತೊಡಕಾಗುತ್ತದೆ. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯನ್ನು ಜೊತೆಗೇ ತೆಗೆದುಕೊಂಡರೆ ಔಷಧ ರಕ್ತಕ್ಕೆ ಸೇರುವ ಮೊದಲೇ ಕರುಳಿನಲ್ಲಿ ಕಟ್ಟಿಬೀಳುತ್ತದೆ. ಅಷ್ಟೇ ಅಲ್ಲ, ಇಂಜೆಕ್ಷನ್ ಮೂಲಕ ರಕ್ತಕ್ಕೇ ಕೊಟ್ಟ ಡಾಕ್ಸಿಸೈಕ್ಲಿನ್ ಕೂಡ, ಬಾಯಿಂದ ಕಬ್ಬಿಣ ನುಂಗಿದವರಲ್ಲಿ ಬೇಗನೆ ಇಳಿದುಹೋಗುತ್ತದೆ: ಕರುಳಿಗೆ ಜಿನುಗಿದ ಔಷಧವನ್ನು ಕಬ್ಬಿಣ ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ.